ಮೂವತ್ತೇಳು ನಿಮಿಷ

ಮಾರ್ಚ್ 3, ಮಂಗಳವಾರ

ಸಂಜೆ ಏಳೂಕಾಲು. ಇವತ್ತು ನಾಲ್ಕು ತಲೆ. ಎರಡಕ್ಕೆ ಬುಡದ ನರೆಗೆ ಬಣ್ಣ, ಒಂದಕ್ಕೆ ಬ್ಲೀಚು, ಒಂದಕ್ಕೆ ಬರೀ ಎಣ್ಣೆ. ಮಧ್ಯಾಹ್ನ ಲಾಯರಮ್ಮ ಅಂಗಡಿಗೇ ಬಂದಿದ್ದರು.

ಈ ನೋಟುಬುಕ್ಕು ತಂಗಿಯದು. ಮೊದಲ ಹಾಳೆಯಲ್ಲಿ ಸೋಪು, ಬಲ್ಬು, ಬೆಂಕಿಪೊಟ್ಟಣ ಅಂತ ಬರೆದು, ಬಲ್ಬಿನ ಮೇಲೆ ಗೀಟು ಎಳೆದಿದ್ದಾಳೆ. ಉಳಿದದ್ದೆಲ್ಲ ಖಾಲಿ. ನಾನು ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವಳು. ಇಪ್ಪತ್ತೆರಡು ವರ್ಷದಿಂದ ಬರೆದಿರುವುದು ಗಿರಾಕಿಗಳ ಕಾರ್ಡು ಮಾತ್ರ: ಯಾವ ಬಣ್ಣ, ಎಷ್ಟು ನಿಮಿಷ, ತಲೆ ಉರಿಯಿತೋ ಇಲ್ಲವೋ. ಆದರೆ ಅಮ್ಮನ ಎದುರು ಅಳುವಂತಿಲ್ಲ, ಕತ್ತರಿಯ ಎದುರು ಅಳುವಂತಿಲ್ಲ. ಅದಕ್ಕೇ ಇದು.

ಕತ್ತರಿ ಅಂದರೆ ನಮ್ಮ ಸಲೂನು ಅಂಗಡಿಯ ಯಜಮಾನ. ಕತ್ತರಿಸುವುದು ಅವನ ಪಾಲು, ಬಣ್ಣ ನನ್ನ ಪಾಲು. ಅವನನ್ನು ನಿಜವಾದ ಹೆಸರು ಹಿಡಿದು ಯಾರೂ ಕರೆದದ್ದು ನಾನು ಕೇಳಿಲ್ಲ. ಲಾಯರಮ್ಮನಿಗೆ ಅವನೇ ಕುರ್ಚಿ ಒರೆಸಿ ಕೊಟ್ಟ.

ಲಾಯರಮ್ಮ ಸರ್ಕಾರದ ಕಡೆಯವರು. ಅವರು ಹೇಳಿದ್ದು ಇದು:

"ನಿಮ್ಮ ತಂಗಿ ಗಂಡ ಈಗ ಮಾತು ಬದಲಾಯಿಸಿದ್ದಾನೆ. ಅವಳು ಮೆಟ್ಟಿಲ ಮೇಲೆ ಕಾಲು ಜಾರಿದಳು, ಉಳಿಸೋಕೆ ಕೈ ಚಾಚಿದೆ, ಕೂದಲು ಸಿಕ್ತು ಅಂತಾನೆ. ಆದರೆ ಆರು ದಿನ ಮುಂಚೆ ಅವಳ ಅಕ್ಕ ಬ್ಲೀಚ್ ಹಾಕಿ ಕೂದಲನ್ನ ನಾರು ಮಾಡಿಟ್ಟಿದ್ದಳಂತೆ. ಹಿಡಿದ ಕೈಯಲ್ಲೇ ತುಂಡಾಯ್ತಂತೆ. ಕೂದಲು ಗಟ್ಟಿ ಇದ್ದಿದ್ದರೆ ಹೆಂಡತಿ ಬದುಕ್ತಿದ್ದಳು ಅಂತ ಅವನ ವಕೀಲರು ಬರೆದುಕೊಟ್ಟಿದ್ದಾರೆ."

ನಾನು ಬ್ರಶ್ಶು ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

"ನಾಲ್ಕು ಮೆಟ್ಟಿಲ ಮೇಲೆ ಕೂದಲ ಗೊಂಚಲು ಸಿಕ್ಕಿದೆ. ಬಣ್ಣ ಹಾಕಿದ, ಹಾಳಾದ ಕೂದಲು ಅಂತ ಮೊದಲ ವರದಿ ಒಂದೇ ಸಾಲಲ್ಲಿ ಮುಗಿಸಿದೆ. ಇನ್ನೊಂದು ಪರೀಕ್ಷೆ ಮಾಡಿಸ್ತೀನಿ. ಹೋಲಿಸಿ ನೋಡೋಕೆ ಆ ದಿನದ ಕೂದಲು ಒಂದೆಳೆ ಆದರೂ ಬೇಕು. ಇದೆಯಾ ನಿಮ್ಮ ಹತ್ರ?"

"ಇಲ್ಲ," ಅಂದೆ.

ಇದೆ. ಬ್ಲೀಚು ಹಾಕುವ ಮುಂಚೆ ಕಿವಿಯ ಹಿಂದಿನ ಒಂದು ಎಳೆಗೆ ಹಚ್ಚಿ ನೋಡುತ್ತೇನೆ, ಕೂದಲು ತಾಳುತ್ತದೋ ಇಲ್ಲವೋ ಅಂತ. ತಾಳಿದರೆ ಆ ಎಳೆಯನ್ನು ಕತ್ತರಿಸಿ ಕಾರ್ಡಿಗೆ ಅಂಟಿಸಿ ಇಡುತ್ತೇನೆ. ತಂಗಿಯದನ್ನೂ ಇಟ್ಟಿದ್ದೆ. ಅವಳು ಹೋದ ಮೇಲೆ ಅಂಗಡಿಯ ಡಬ್ಬಿಯಿಂದ ತಂದು ನನ್ನ ಬಟ್ಟೆ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದೇನೆ. ಬೆರಳುದ್ದದ ತೆಳ್ಳನೆಯ ಎಳೆ, ಜೇನಿನ ಬಣ್ಣ. ಈ ನೋಟುಬುಕ್ಕು ಬಿಟ್ಟರೆ ಅವಳದ್ದು ಅಂತ ಉಳಿದಿರುವುದು ಅದೊಂದೇ.

ನಾಳೆ ಬ್ಲೀಚು ಪುಡಿ ಕಲಸುವ ಡೆವಲಪರ್ ತರಬೇಕು, ಮುಗಿಯುತ್ತಾ ಬಂದಿದೆ.

ಮಾರ್ಚ್ 4, ಬುಧವಾರ

ಬೆಳಿಗ್ಗೆ ಆರೂವರೆ. ಅಂಗಡಿಗೆ ಹೋಗುವ ಮುಂಚೆ ಬರೆಯುತ್ತಿದ್ದೇನೆ. ನಿದ್ದೆ ಬರಲಿಲ್ಲ.

ಆ ದಿನ ಏನೇನು ಮಾಡಿದೆ ಅಂತ ಬರೆದರೆ ತಪ್ಪು ಎಲ್ಲಿ ಅಂತ ಕಾಣಬಹುದು.

ಎರಡು ದಿನದಿಂದ ತಲೆಗೆ ನೀರು ಹಾಕಬೇಡ ಅಂದಿದ್ದೆ. ಹಾಕಿರಲಿಲ್ಲ. ಬುಡದ ಜಿಡ್ಡು ಚರ್ಮವನ್ನು ಕಾಯುತ್ತದೆ. ಹಿಂದಿನ ದಿನ ಕೂದಲ ಉದ್ದಕ್ಕೂ ಎಣ್ಣೆ ಸವರಲು ಹೇಳಿದ್ದೆ. ಸವರಿದ್ದಳು. ಹಣೆಯ ಅಂಚಿಗೆ, ಕಿವಿಗೆ ಜೆಲ್ಲಿ ಹಚ್ಚಿದೆ. ಡೆವಲಪರ್ ಕಡಿಮೆ ಖಾರದ್ದೇ ತೆಗೆದುಕೊಂಡೆ, ನಿಧಾನವಾಗಲಿ, ಸುಡದಿರಲಿ. ಮೊದಲು ಉದ್ದಕ್ಕೆ ಹಚ್ಚಿದೆ, ಬುಡ ಒಂದಿಂಚು ಬಿಟ್ಟೆ. ತಲೆಯ ಬಿಸಿಗೆ ಬುಡ ಬೇಗ ಬೇಯುತ್ತದೆ, ಅದಕ್ಕೆ ಕೊನೆಗೆ. ಐದೈದು ನಿಮಿಷಕ್ಕೆ ಒರೆಸಿ ನೋಡಿದೆ. ಟೈಮರ್ ಮೂವತ್ತಕ್ಕೆ ಇಟ್ಟೆ.

ಅದು ಹೊಡೆದುಕೊಂಡಾಗ ತಂಗಿ ಕತ್ತರಿಯ ನಡಿಗೆ ಅಣಕಿಸಿ ತೋರಿಸುತ್ತಿದ್ದಳು. ಕುರ್ಚಿಯಿಂದ ಇಳಿದು, ತಲೆಯ ಮೇಲೆ ಫಾಯಿಲು ಹೊತ್ತುಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು. ನಾನು ನೆಲದ ಮೇಲೆ ಕುಳಿತು ನಕ್ಕೆ. ಹೊಟ್ಟೆ ಹಿಡಿದು ನಕ್ಕೆ. ತೊಳೆಯಲು ಕೂರಿಸಿದಾಗ ಗಡಿಯಾರ ನೋಡಿದೆ, ಏಳು ನಿಮಿಷ ಹೆಚ್ಚಾಗಿತ್ತು.

ಕಾರ್ಡಿನ ಎಳೆ ಮೂವತ್ತು ನಿಮಿಷದ್ದು. ತಲೆಯ ಮೇಲಿದ್ದದ್ದು ಮೂವತ್ತೇಳು ನಿಮಿಷದ್ದು. ಕಾರ್ಡಿನಲ್ಲಿ ನಾನು ಮೂವತ್ತು ಅಂತಲೇ ಬರೆದೆ.

ಶವಾಗಾರದಲ್ಲಿ ಗುರುತು ಹಿಡಿಯಲು ಕರೆದಾಗ ಬಟ್ಟೆ ಸರಿಸಿದವನು, "ತಲೆ ಕಡೆ ನೋಡಬೇಡಿ," ಅಂದ. ನಾನು ತಲೆಯನ್ನೇ ನೋಡಿದೆ. ನನ್ನ ಕೆಲಸ ಅದೇ ಅಲ್ಲವೇ. ಬಲಗಡೆ ಅಂಗೈಯಗಲ ಕೂದಲಿರಲಿಲ್ಲ, ಬೇರೆ ಮೂರು ಕಡೆ ಸಣ್ಣ ಬೋಳು. ಹಿಂದೆ ಮೂಳೆ ಒಳಕ್ಕೆ ಹೋಗಿತ್ತು. ಉಳಿದ ಕೂದಲಿನಲ್ಲಿ ರಕ್ತ ಒಣಗಿ ಹುರಿಯಾಗಿತ್ತು, ಆದರೂ ಬಣ್ಣ ಚೆನ್ನಾಗಿ ಬಂದಿದೆ ಅಂತ ನನ್ನ ತಲೆಗೆ ಹೊಳೆಯಿತು. ಅಂಥ ಜಾಗದಲ್ಲಿ ಅಂಥ ಯೋಚನೆ. ಅವತ್ತಿನಿಂದ ನನ್ನ ಮೇಲೆ ನನಗೇ ಹೇಸಿಗೆ.

ತಂಗಿಯ ಗಂಡ ಉಳಿಸಲು ಕೈ ಚಾಚಿದ್ದು ನಿಜವಿದ್ದರೆ, ಅವಳನ್ನು ಬಿಟ್ಟುಕೊಟ್ಟದ್ದು ನನ್ನ ಏಳು ನಿಮಿಷ.

ಮಾರ್ಚ್ 9, ಸೋಮವಾರ

ರಜೆ. ಹಗಲೆಲ್ಲ ಮಲಗಿದ್ದೆ. ಅಮ್ಮ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು.

ಮಾರ್ಚ್ 10, ಮಂಗಳವಾರ

ಸಂಜೆ ಏಳೂವರೆ. ಇವತ್ತು ಎರಡು ತಲೆ, ಒಂದು ಕೆಡಿಸಿದೆ.

ಬೆಳಿಗ್ಗೆ ಬಂದ ಹೆಂಗಸು ಹೋದ ತಿಂಗಳು ಬೇರೆ ಕಡೆ ಬ್ಲೀಚು ಮಾಡಿಸಿದ್ದಳು. ಹೊಸ ಬುಡಕ್ಕೆ ಮಾತ್ರ ಹಚ್ಚಬೇಕು, ಹಳೆಯದರ ಮೇಲೆ ಹರಿಯಬಾರದು. ಮಗುವಿಗೂ ಹೇಳಿಕೊಡಬಹುದಾದ ಪಾಠ. ನನ್ನ ಕೈ ಹರಿಸಿತು. ತೊಳೆಯುವಾಗ ಕೈಗೆ ನಾಲ್ಕೈದು ತುಂಡು ಬಂದವು, ಒದ್ದೆ ಶ್ಯಾವಿಗೆಯ ಹಾಗೆ. ಅವನ್ನು ಕಂಡದ್ದೇ ಕಣ್ಣು ಕತ್ತಲಾಯಿತು. ಅವಳ ತಲೆಯನ್ನು ತೊಟ್ಟಿಯ ಅಂಚಿಗೆ ಒತ್ತಿ ಹಿಡಿದಿದ್ದೆನಂತೆ. ನನಗೆ ನೆನಪಿಲ್ಲ.

"ಬಣ್ಣದಕ್ಕ, ಕೈ ಬಿಡು," ಅಂತ ಕತ್ತರಿ ನನ್ನ ಬೆರಳು ಒಂದೊಂದಾಗಿ ಬಿಡಿಸಿದ. ಆಮೇಲೆ ಅವಳಿಗೆ, "ನಮ್ಮಕ್ಕ ಬಟ್ಟೆ ಒಗೆಯೋದು, ತಲೆ ತೊಳೆಯೋದು ಎರಡಕ್ಕೂ ಒಂದೇ ಕೈ ಇಟ್ಟಿದ್ದಾರೆ, ತಪ್ಪು ತಿಳೀಬೇಡಿ," ಅಂತ ನಗಿಸಿ ಕಳಿಸಿದ. ನನಗೆ ಏನೂ ಅನ್ನಲಿಲ್ಲ.

ನಾಲ್ಕು ಗಂಟೆಗೆ ತಂಗಿಯ ಗಂಡ ಬಂದರು. ಜಾಮೀನಿನ ಮೇಲೆ ಹೊರಗಿದ್ದಾರೆ ಅಂತ ಗೊತ್ತಿತ್ತು, ಎದುರು ನೋಡಿದ್ದು ಇದೇ ಮೊದಲು. ಇಸ್ತ್ರಿ ಅಂಗಿ. ತಾವೇ ಹೋಗಿ ಕತ್ತರಿಯ ಕುರ್ಚಿಯಲ್ಲಿ ಕುಳಿತರು. ಕತ್ತರಿ ಕೈ ಕಟ್ಟಿಕೊಂಡು ನಿಂತ.

"ಗಿರಾಕಿ ಬಂದ್ರೆ ಬಟ್ಟೆ ಹೊದಿಸಲ್ವಾ?"

"ಹೊದಿಸ್ತೀನಿ. ಪೂರ್ತಿ ಮುಚ್ಚೋ ಹಾಗೆ ಹೊದಿಸ್ತೀನಿ, ಕಾಲಿಂದ ತಲೆವರೆಗೆ," ಅಂದ ಕತ್ತರಿ.

ಅವರು ನಕ್ಕರು. ಕನ್ನಡಿಯೊಳಗಿಂದಲೇ ನನ್ನ ಜೊತೆ ಮಾತಾಡಿದರು. "ಅಕ್ಕ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಬೇಕಂತ ಮಾಡಿದ್ದಲ್ಲವಲ್ಲ. ಏಳು ನಿಮಿಷ ಜಾಸ್ತಿ ಬಿಟ್ರಂತೆ. ಅವಳೇ ಹೇಳಿದ್ಲು, ನಕ್ಕೊಂಡು. ಅದನ್ನೇ ಕೋರ್ಟಲ್ಲಿ ಹೇಳಿಬಿಡಿ. ಇದ್ದದ್ದು ಇದ್ದ ಹಾಗೆ. ನಿಮಗೂ ಭಾರ ಇಳಿಯುತ್ತೆ, ನನಗೂ."

ಬಾಯಲ್ಲಿ ಬೆಲ್ಲ. ಮದುವೆಯ ದಿನವೂ ಇದೇ ದನಿಯಲ್ಲಿ ಅಮ್ಮನಿಗೆ ಹೇಳಿದ್ದರು, ನಿಮ್ಮ ಮಗಳ ಒಂದು ಕೂದಲೂ ಕೊಂಕದ ಹಾಗೆ ನೋಡ್ಕೋತೀನಿ ಅಂತ.

ನನ್ನ ಕೈಯಲ್ಲಿ ಬಟ್ಟಲಿತ್ತು. ಕಲಸಿದ ಬ್ಲೀಚಿತ್ತು. ಅವರ ಕಣ್ಣು ಕನ್ನಡಿಯಲ್ಲಿತ್ತು, ಕುತ್ತಿಗೆ ನನ್ನ ಎದುರಿತ್ತು. ಕತ್ತರಿಯ ಕ್ಷೌರದ ಕತ್ತಿ ಎಲ್ಲಿದೆ ಅಂತ ನನ್ನ ಕಣ್ಣು ಹುಡುಕಿತು. ಎಷ್ಟು ಹೊತ್ತು ಬೇಕು, ಎಷ್ಟು ರಕ್ತ ಬರುತ್ತದೆ, ಯಾವ ಬಟ್ಟೆಯಲ್ಲಿ ಒರೆಸಬೇಕು ಅಂತೆಲ್ಲ ಸಾವಧಾನವಾಗಿ ಯೋಚಿಸಿದೆ. ಆಮೇಲೆ ಏಳು ನಿಮಿಷ ನೆನಪಾಯಿತು. ತಲೆ ತಗ್ಗಿಸಿದೆ.

ಅವರು ಹೋಗುವಾಗ ಕಾರ್ಡಿನ ಡಬ್ಬಿಯ ಮೇಲೆ ಬೆರಳಿಂದ ಟಕ್ ಟಕ್ ಅಂತ ಹೊಡೆದು ಹೋದರು.

ಮಾರ್ಚ್ 13, ಶುಕ್ರವಾರ

ಮಧ್ಯಾಹ್ನ ಒಂದು. ಅಂಗಡಿಯ ಮುಂದಿನ ಗಾಜು ಪುಡಿಯಾಗಿದೆ. ಒಳಗೆ ಬಂಡೆ ಚೂರು ಬಿದ್ದಿದೆ, ಕತ್ತರಿಯ ಕುರ್ಚಿ ಹರಿದಿದೆ. ಗುಡಿಸುವಾಗ ನನ್ನ ಅಂಗೈ ಸೀಳಿತು. ಕತ್ತರಿ ರಟ್ಟು ಹೊಡೆದು ಮುಚ್ಚಿದ. "ಒಳ್ಳೇದಾಯ್ತು, ಬಿಸಿಲು ಬೀಳ್ತಿತ್ತು," ಅಂದ.

ಹೊಲಿಗೆ ನಾಲ್ಕು. ನಾಳೆ ಎಡಗೈಯಲ್ಲೇ ಕಲಸಬೇಕು.

ಮಾರ್ಚ್ 16, ಸೋಮವಾರ

ಮಧ್ಯಾಹ್ನ ಮೂರು. ರಜೆಯಾದರೂ ಕತ್ತರಿಯಿಂದ ಬೀಗದ ಕೈ ಇಸಿದುಕೊಂಡೆ. ಅವನೂ ಹಿಂದೆಯೇ ಬಂದ.

ನನ್ನ ಕೂದಲು, ತಂಗಿಯ ಕೂದಲು ಒಂದೇ ಜಾತಿ. ಇಬ್ಬರದೂ ಅಮ್ಮನದು. ನನ್ನದಕ್ಕೆ ಈವರೆಗೆ ಬಣ್ಣ ಮುಟ್ಟಿಸಿಲ್ಲ. ಮಿಠಾಯಿ ಮಾಡುವವನು ಸಿಹಿ ತಿನ್ನುವುದಿಲ್ಲ ಅಂತ ಕತ್ತರಿ ಹಾಸ್ಯ ಮಾಡುತ್ತಿದ್ದ. ಇವತ್ತು ಎಡಗಿವಿಯ ಹಿಂದೆ ಎರಡು ಬೆರಳು ದಪ್ಪದ ಜಡೆಯಷ್ಟು ಬೇರೆ ಮಾಡಿದೆ. ಎರಡು ದಿನ ನೀರು ಹಾಕಿರಲಿಲ್ಲ. ನಿನ್ನೆ ಎಣ್ಣೆ ಸವರಿದ್ದೆ. ಅದೇ ಪುಡಿ, ಅದೇ ಡೆವಲಪರ್, ಅದೇ ಅಳತೆ. ಟೈಮರ್ ಮೂವತ್ತೇಳಕ್ಕೆ ಇಟ್ಟೆ.

"ಯಾವ ಲೆಕ್ಕ ಅದು, ಮೂವತ್ತೇಳು?" ಅಂದ ಕತ್ತರಿ.

ಹೇಳಿದೆ. ಐದು ತಿಂಗಳಲ್ಲಿ ಯಾರಿಗೂ ಹೇಳಿರದ್ದನ್ನು ಹೇಳಿದೆ. ನಕ್ಕದ್ದು, ಅವನ ನಡಿಗೆ ಅಣಕಿಸಿದ್ದು, ಎಲ್ಲ.

ಅವನು, "ಹೇಗೆ ನಡೆದು ತೋರಿಸಿದ್ಲು?" ಅಂದ. ತೋರಿಸಿದೆ. "ಅಷ್ಟು ಹೊಟ್ಟೆ ಇಲ್ಲ ನನಗೆ," ಅಂದು ಮುಖ ಆ ಕಡೆ ತಿರುಗಿಸಿಕೊಂಡ.

ತಣ್ಣೀರಲ್ಲಿ ತೊಳೆದೆ. ಅರ್ಧ ಎಳೆ ಕತ್ತರಿಸಿ ತೆಗೆದೆ, ಅರ್ಧ ತಲೆಯಲ್ಲೇ ಬಿಟ್ಟೆ. ಒದ್ದೆ ಕೂದಲು ಎಳೆದು ನೋಡಿದೆ. ಹಾಳಾದದ್ದು ಅಂಟಿನ ಹಾಗೆ ಉದ್ದವಾಗಿ ಪಟ್ಟನೆ ಹೋಗುತ್ತದೆ. ಇದು ಹಿಗ್ಗಿತು, ಬಿಟ್ಟರೆ ಮತ್ತೆ ತನ್ನ ಜಾಗಕ್ಕೆ ಬಂತು. ಕತ್ತರಿಗೆ ಸಮಾಧಾನವಾಗಲಿಲ್ಲ. ಐದು ಲೀಟರಿನ ಕ್ಯಾನಿಗೆ ನೀರು ತುಂಬಿ ಹಿಡಿಗೆ ಎಳೆಯ ಒಂದು ತುದಿ ಕಟ್ಟಿದ, ಇನ್ನೊಂದು ತುದಿ ಬಾಗಿಲ ಚಿಲಕಕ್ಕೆ. ಕ್ಯಾನು ತೂಗಾಡಿತು. ಹತ್ತು ನಿಮಿಷ ನಿಂತು ನೋಡಿದೆವು. ಒಂದೇ ಒಂದು ಎಳೆಯೂ ಹೋಗಲಿಲ್ಲ.

"ನೋಡಿದ್ಯಾ ಅಕ್ಕ. ನಿನ್ನ ಕೆಲಸ ಬಂಡೆ. ಆ ಸುಳ್ಳು ಬೋಳಿಮಗನ ಮಾತು ಕಟ್ಟಿಕೊಂಡು ಇಷ್ಟು ದಿನ ಸಾಯ್ತಿದ್ದೆಯಲ್ಲ."

ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ತೂಗಾಡುವ ಕ್ಯಾನನ್ನೇ ನೋಡುತ್ತಿದ್ದೆ. ಇನ್ನೊಂದು ನೆನಪಿದೆ, ಅದನ್ನು ಇಲ್ಲಿ ಬರೆಯಲಾರೆ.

ಮಾರ್ಚ್ 19, ಗುರುವಾರ

ಸಂಜೆ ಆರು. ಆಸ್ಪತ್ರೆಯ ಬೆಂಚು. ಬಲಗಡೆಯ ಒಂದು ಹಲ್ಲಿಲ್ಲ, ತುಟಿ ಊದಿದೆ, ಬರೆಯಲು ಅಡ್ಡಿಯಿಲ್ಲ. ಮರೆಯುವ ಮುಂಚೆ ಬರೆದಿಡಬೇಕು ಅಂತ ಲಾಯರಮ್ಮ ಫೋನಿನಲ್ಲಿ ಹೇಳಿದರು.

ಎರಡು ಗಂಟೆಗೆ ಕತ್ತರಿ ಊಟಕ್ಕೆ ಹೋದ. ಎರಡೂವರೆಗೆ ಟೀಚರಮ್ಮ ಬರುವವರಿದ್ದರು, ಅವರ ಬ್ಲೀಚು ಕಲಸುತ್ತಿದ್ದೆ. ಬಾಗಿಲ ಚಿಲಕ ಒಳಗಿನಿಂದ ಬಿದ್ದ ಸದ್ದಾಯಿತು. ತಿರುಗಿದೆ. ಅವನು, ತಂಗಿಯ ಗಂಡ.

ಕಾರ್ಡಿನ ಡಬ್ಬಿ ಎತ್ತಿ ನೆಲಕ್ಕೆ ಸುರಿದ. ಇಪ್ಪತ್ತೆರಡು ವರ್ಷದ ತಲೆಗಳು ಚೆಲ್ಲಾಪಿಲ್ಲಿಯಾದವು. ಕಾಲಲ್ಲಿ ಕೆದಕಿ ನೋಡಿದ. ಕಪ್ಪು, ಕೆಂಪು, ಬಿಳಿ ಎಳೆಗಳು ಅವನ ಬೂಟಿಗೆ ಅಂಟಿಕೊಂಡವು.

"ಅವಳ ಕಾರ್ಡೆಲ್ಲಿ?"

ನಾನು ಬಾಗಿಲ ಕಡೆ ಹೋದೆ. ಜಡೆ ಹಿಡಿದ. ಹಗ್ಗ ಸುತ್ತುವ ಹಾಗೆ ಮುಂಗೈಗೆ ಎರಡು ಸುತ್ತು ಸುತ್ತಿದ. ಒಂದೇ ಎಳೆತಕ್ಕೆ ನನ್ನ ಮುಖ ಕನ್ನಡಿಯ ಕೆಳಗಿನ ಹಲಗೆಗೆ ಬಡಿಯಿತು. ಹಲ್ಲು ಆಗಲೇ ಹೋದದ್ದು. ಎರಡನೇ ಸಲ ಕಣ್ಣಿನ ಮೇಲೆ. ನೆಲಕ್ಕೆ ಬಿದ್ದವಳನ್ನು ಜಡೆ ಹಿಡಿದೇ ಹಿಂದಿನ ಕೋಣೆಯ ಕಡೆ ಎಳೆದ. ಅಂಗಡಿಗೂ ಕೋಣೆಗೂ ನಡುವೆ ಎರಡು ಮೆಟ್ಟಿಲಿದೆ. ಮೊದಲ ಮೆಟ್ಟಿಲಿಗೆ ನನ್ನ ಬೆನ್ನುಮೂಳೆ ತಾಗಿತು, ಎರಡನೆಯದಕ್ಕೆ ತಲೆ.

ಕೂದಲು ತುಂಡಾಗಲಿ ಅಂತ ನಾನು ಬೇಡಿಕೊಂಡೆ. ತುಂಡಾದರೆ ಓಡಬಹುದಿತ್ತು. ತುಂಡಾಗಲಿಲ್ಲ. ಚರ್ಮ ಎದ್ದು ಬರುತ್ತಿತ್ತು, ಕೂದಲು ಬಿಡಲಿಲ್ಲ.

ಅವನು ಏದುಸಿರು ಬಿಡುತ್ತಾ ಹೇಳಿದ. ಈ ಮಾತನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ. "ಏನ್ ಗಟ್ಟಿ ಅಕ್ಕ ನಿಮ್ಮನೆ ಕೂದಲು. ಅವಳದ್ದೂ ಹೀಗೇ. ಹನ್ನೊಂದು ಮೆಟ್ಟಿಲು ಎಳೆದ್ರೂ ಬಿಟ್ಟು ಬರಲಿಲ್ಲ."

ಹನ್ನೊಂದು. ಅವರ ಮನೆಯ ಮೆಟ್ಟಿಲು ಹನ್ನೊಂದು.

ಕೋಣೆಯ ಬಾಗಿಲಲ್ಲೇ ಬಟ್ಟಲಿಡುವ ಮೇಜು. ಕೈಗೆ ಸಿಕ್ಕಿದ್ದು ಟೀಚರಮ್ಮನ ಬ್ಲೀಚು. ಮೇಲಕ್ಕೆ ಎರಚಿದೆ. ಕಣ್ಣಿಗೇ ಬಿತ್ತು. ಅವನು ಕಿರುಚಿದ ದನಿ ಮನುಷ್ಯರದ್ದಲ್ಲ. ಜಡೆ ಬಿಟ್ಟು ಮುಖ ಉಜ್ಜಿಕೊಂಡ, ಉಜ್ಜಿದಷ್ಟೂ ಒಳಕ್ಕೆ ಹೋಯಿತು. ನಾನು ಬಟ್ಟಲಿನಲ್ಲೇ ಬಾಯಿಗೆ ಹೊಡೆದೆ. ಬಟ್ಟಲು ಪಿಂಗಾಣಿಯದು, ಎರಡನೇ ಏಟಿಗೆ ಒಡೆಯಿತು. ಮೂರನೆಯದನ್ನು ಒಡೆದ ಚೂರಿನಿಂದಲೇ ಹೊಡೆದೆ, ಕೆನ್ನೆ ತೆರೆದುಕೊಂಡಿತು. ಮೊಣಕಾಲ ಮೇಲೆ ಕುಸಿದ. ನಾಲ್ಕನೆಯದಕ್ಕೆ ಕೈ ಎತ್ತಿದ್ದೆ. ಕುತ್ತಿಗೆ ಎದುರಿಗಿತ್ತು.

ಆಮೇಲೆ ಆದದ್ದು ನನಗೂ ಸರಿಯಾಗಿ ಗೊತ್ತಿಲ್ಲ. ಕಣ್ಣಿಗೆ ಬ್ಲೀಚು ಬಿದ್ದರೆ ಹದಿನೈದು ನಿಮಿಷ ನೀರು. ಕೆಲಸ ಕಲಿತ ಮೊದಲ ವಾರ ಹೇಳಿಕೊಟ್ಟದ್ದು. ಚೂರು ಬಿಸಾಕಿ ಅವನ ಕೂದಲು ಹಿಡಿದೆ, ತೊಟ್ಟಿಗೆ ಎಳೆದುಕೊಂಡು ಹೋಗಿ ನಲ್ಲಿ ತಿರುಗಿಸಿದೆ.

ಕತ್ತರಿ ಹಿಂಬಾಗಿಲು ಒದ್ದು ಬಂದ. ಕೈಯಲ್ಲಿ ಕಬ್ಬಿಣದ ಕಂಬಿ. ನೋಡಿ ನಿಂತ.

"ಏನ್ ಮಾಡ್ತಿದೀಯ ಅಕ್ಕ? ಬಿಡು, ಉರಿದು ಹೋಗ್ಲಿ."

"ಟೈಮರ್ ಹದಿನೈದಕ್ಕೆ ಇಡು," ಅಂದೆ.

"ಯಾರಿಗೆ? ಇವನಿಗಾ?"

"ಇಡು ಅಂದೆನಲ್ಲ."

ಇಟ್ಟ. ಆಮೇಲೆ ಕಂಬಿಯಿಂದ ಅವನ ಮೊಣಕಾಲ ಹಿಂದೆ ಒಂದು ಕೊಟ್ಟ, "ಇದು ಗಾಜಿಗೆ," ಅಂದ. ಪೊಲೀಸರಿಗೆ ಫೋನು ಮಾಡಿದ. ಹದಿನೈದು ನಿಮಿಷ ಅವನ ತಲೆ ನನ್ನ ಮುಷ್ಟಿಯಲ್ಲಿತ್ತು. ರೆಪ್ಪೆ ಬಿಡಿಸಿ ನೀರು ಬಿಟ್ಟೆ. ಮೂರು ಸಲ ಮೂಗಿಗೂ ಬಿಟ್ಟೆ, ಬೇಕೆಂದೇ. ಅಮ್ಮಾ ಅಂತ ಅತ್ತ. ತಂಗಿಯೂ ಹಾಗೇ ಕೂಗಿರಬೇಕು.

ಟೈಮರ್ ಹೊಡೆದುಕೊಂಡಿತು. ಒಂದು ನಿಮಿಷವೂ ಹೆಚ್ಚು ಬಿಡಲಿಲ್ಲ. ನಲ್ಲಿ ನಿಲ್ಲಿಸಿದೆ.

ಮಾರ್ಚ್ 20, ಶುಕ್ರವಾರ

ಬೆಳಿಗ್ಗೆ ಹನ್ನೊಂದು. ಪೊಲೀಸಿನವರು ನನ್ನ ತಲೆಯ ಫೋಟೊ ತೆಗೆದರು. ಎಡಗಡೆ ಅಂಗೈಯಗಲ ಇಲ್ಲ. ಅವನ ಕಣ್ಣಿಗೆ ಅಪಾಯವಿಲ್ಲವಂತೆ. ಸರಿಯಾಗಿ ತೊಳೆದಿದ್ದಾರೆ, ಯಾರು ತೊಳೆದದ್ದು ಅಂತ ಡಾಕ್ಟರು ಕೇಳಿದರಂತೆ. ಜಾಮೀನು ರದ್ದಾಗಿದೆ. ನನ್ನ ಮೇಲೂ ಕೇಸಾಗಬಹುದು ಅಂದರು. ಆಗಲಿ.

ಅಂಗಡಿಯ ನೆಲದಿಂದ, ಅವನ ಬೆರಳ ಸಂದಿಯಿಂದ ನನ್ನ ಕೂದಲು ಆರಿಸಿ ಕಾಗದದ ಲಕೋಟೆಗೆ ಹಾಕಿದ್ದಾರೆ. ಹಾಕುವ ಮುಂಚೆ ನಾನು ಕೇಳಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದೆ. ಸೋಮವಾರ ಬ್ಲೀಚು ಮಾಡಿದ ಎಳೆಗಳೂ ಅದರಲ್ಲಿದ್ದವು. ಪ್ರತಿಯೊಂದರ ತುದಿಯಲ್ಲೂ ಬಿಳಿ ಗಂಟು, ಹಸಿ ಪೊರೆ. ಎಲ್ಲ ಬುಡದಿಂದ ಬಂದದ್ದು. ನಡುವೆ ತುಂಡಾದದ್ದು ಒಂದೂ ಇಲ್ಲ.

ಮೂವತ್ತೇಳು ನಿಮಿಷದ ಕೂದಲು.

ಮಾರ್ಚ್ 23, ಸೋಮವಾರ

ಸಂಜೆ ಐದು. ಅಮ್ಮ ನನ್ನ ತಲೆಯ ಗಾಯಕ್ಕೆ ಮುಲಾಮು ಹಚ್ಚಿದರು. ಹಚ್ಚುತ್ತಾ ಹಚ್ಚುತ್ತಾ ಕೈ ನಿಂತಿತು.

"ಕಾರ್ಡು ಕೊಟ್ಟೆಯಾ?"

ಅಮ್ಮನಿಗೆ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ. "ಇಲ್ಲ," ಅಂದೆ.

"ಯಾಕೆ? ಆ ಎಳೆ ಕೊಟ್ರೆ ನಿನ್ನ ತಪ್ಪಿಲ್ಲ ಅಂತ ಆಗುತ್ತಲ್ಲ."

"ಅದಕ್ಕೇ ಅಮ್ಮ."

ಅರ್ಥವಾಗಲಿಲ್ಲ ಅಮ್ಮನಿಗೆ. ಹೇಳಿದೆ. ಇಲ್ಲೂ ಬರೆಯುತ್ತೇನೆ, ಇನ್ನು ಬರೆಯದೆ ಉಳಿಸಿಕೊಂಡು ಏನು ಮಾಡಲಿ.

ತಂಗಿ ಮೊದಲು ಬಂದದ್ದು ಬ್ಲೀಚಿಗೆ ಮೂರು ದಿನ ಮುಂಚೆ, ಬಣ್ಣ ಹಾಕಿಸಿಕೊಳ್ಳಲು ಅಲ್ಲ. "ಅಕ್ಕ, ಗಂಡುಮಕ್ಕಳ ಥರ ಕತ್ತರಿಸಿಬಿಡು. ಕೈಗೆ ಸಿಗಬಾರದು, ಅಷ್ಟು ಚಿಕ್ಕದು," ಅಂದಳು. ನಾನು ಯಾರ ಕೈಗೆ ಅಂತ ಕೇಳಲಿಲ್ಲ. "ಹುಚ್ಚಾ ನಿನಗೆ? ಇಂಥ ಕೂದಲಿಗೆ ಕತ್ತರಿ ಹಾಕ್ತಾರಾ? ಬೇಜಾರಾಗಿದ್ರೆ ಹೇಳು, ಬಣ್ಣ ಬದಲಾಯಿಸ್ತೀನಿ, ಹೊಸಬಳ ಹಾಗೆ ಕಾಣ್ತೀಯ," ಅಂದೆ. ಅವಳು ಸ್ವಲ್ಪ ಹೊತ್ತು ಕನ್ನಡಿ ನೋಡಿದಳು. "ಸರಿ, ನಿನಗೆ ಇಷ್ಟ ಬಂದ ಹಾಗೆ ಮಾಡು," ಅಂದಳು. ಬಣ್ಣ ಹಾಕುವ ದಿನ ನಕ್ಕಳು, ನಗಿಸಿದಳು.

ಎಣ್ಣೆ ಸವರಿಸಿ, ಜೆಲ್ಲಿ ಹಚ್ಚಿ, ಬುಡ ಬಿಟ್ಟು, ಐದೈದು ನಿಮಿಷಕ್ಕೆ ಒರೆಸಿ ನೋಡಿ ಆ ಕೂದಲನ್ನು ಕಾಪಾಡಿದೆ. ಅವನು ಹಿಡಿದಾಗ ಅದು ತುಂಡಾಗಲಿಲ್ಲ. ಕೆಟ್ಟ ಕೆಲಸದವಳ ಕೈಗೆ ಸಿಕ್ಕಿದ್ದರೆ ಮೊದಲ ಮೆಟ್ಟಿಲಲ್ಲೇ ಕಿತ್ತುಕೊಂಡು ಓಡುತ್ತಿದ್ದಳು.

ಅಮ್ಮ ಮುಲಾಮಿನ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

"ನನ್ನನ್ನೂ ಕೇಳಿದ್ಲು," ಅಂದರು. "ಅದಕ್ಕೆ ಒಂದು ವಾರ ಮುಂಚೆ. ಅಮ್ಮ, ಕತ್ತರಿ ಕೊಡು ಅಂದ್ಲು. ಹದಿನೆಂಟು ವರ್ಷ ನನ್ನ ಕೈಯಾರೆ ಎಣ್ಣೆ ಹಾಕಿ ಬೆಳೆಸಿದ ಕೂದಲು, ಮುಟ್ಟಿದ್ರೆ ನೋಡು ಅಂದೆ. ಕತ್ತರಿ ಬಚ್ಚಿಟ್ಟೆ."

"ಎಲ್ಲಿ?"

"ಅಕ್ಕಿ ಡಬ್ಬಿಲಿ."

ಇಬ್ಬರೂ ಹೋಗಿ ಅಕ್ಕಿ ಡಬ್ಬಿ ತೆರೆದೆವು. ಕತ್ತರಿ ಇನ್ನೂ ಅಲ್ಲೇ ಇತ್ತು. ಅಮ್ಮ ತೆಗೆದು ತಂದು, ಒರೆಸಿ, ಮೇಜಿನ ಮೇಲೆ ಇಟ್ಟರು.

"ಕೊಂದವನು ಅವನು," ಅಂದರು ಅಮ್ಮ. "ನಾವಿಬ್ಬರೂ ಮುಠ್ಠಾಳರು. ಎರಡೂ ಬೇರೆ ಬೇರೆ. ಹೋಗಿ ಕಾರ್ಡು ಕೊಟ್ಟು ಬಾ."

ಮಾರ್ಚ್ 25, ಬುಧವಾರ

ರಾತ್ರಿ ಎಂಟೂವರೆ. ಬೆಳಿಗ್ಗೆ ಕಾರ್ಡು ಕೊಟ್ಟೆ. ಎಳೆದು ತುಂಡಾಗುವವರೆಗೆ ಪರೀಕ್ಷೆ ಮಾಡುತ್ತಾರಂತೆ, ವಾಪಸು ಸಿಗುವುದಿಲ್ಲ ಅಂದರು ಲಾಯರಮ್ಮ. ಸರಿ ಅಂದೆ. ಕಾರ್ಡಿನಲ್ಲಿ ಮೂವತ್ತು ಅಂತ ಇದ್ದದ್ದನ್ನು ತೋರಿಸಿ, ಇದು ತಪ್ಪು, ತಲೆಯ ಮೇಲಿದ್ದದ್ದು ಮೂವತ್ತೇಳು ಅಂತ ಹೇಳಿಕೆ ಬರೆದುಕೊಟ್ಟೆ.

ಮಧ್ಯಾಹ್ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದಳು, ಸೊಂಟದವರೆಗೆ ಕೂದಲು. ಚಿಕ್ಕದು ಮಾಡಿ ಅಂದಳು. ಕತ್ತರಿ ಎಂದಿನ ಹಾಗೆ, "ಅಯ್ಯೋ ಮಗಳೇ, ಇದಕ್ಕೆ ಕತ್ತರಿ ಹಾಕಿದ್ರೆ ನನ್ನ ಕೈಗೆ ಪಾಪ ಸುತ್ತಿಕೊಳ್ಳುತ್ತೆ," ಅಂತ ಶುರು ಮಾಡಿದ. "ಅವಳು ಕೇಳಿದಷ್ಟು ಕತ್ತರಿಸು," ಅಂದೆ. ಒಳಗೆ ಕರೆದು ನೀರು ಕೊಟ್ಟು, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಅಂತ ಕೇಳಿದೆ. ಈಜು ಕಲಿಯುತ್ತಿದ್ದಾಳಂತೆ, ಅಷ್ಟೇ. ಟೊಪ್ಪಿಗೆಯೊಳಗೆ ಹಿಡಿಸುವುದಿಲ್ಲವಂತೆ. ಒಳ್ಳೆಯದಾಯಿತು.

ಮಾರ್ಚ್ 31, ಮಂಗಳವಾರ

ಸಂಜೆ ಆರೂವರೆ. ಇವತ್ತು ಐದು ತಲೆ. ಯಾರಿಗೂ ಉರಿಯಲಿಲ್ಲ.

ವರದಿ ಬಂದಿದೆ. ಲಾಯರಮ್ಮ ಓದಿ ಹೇಳಿದರು. ನಾಲ್ಕು ಮೆಟ್ಟಿಲ ಮೇಲೆ ಸಿಕ್ಕ ಕೂದಲೂ ಬುಡದಿಂದ ಕಿತ್ತದ್ದು, ತಲೆಯ ನಾಲ್ಕು ಬೇರೆ ಬೇರೆ ಜಾಗದ್ದು. ಒಂದೇ ಸಲ ಹಿಡಿದದ್ದಲ್ಲ, ಮತ್ತೆ ಮತ್ತೆ ಹಿಡಿದದ್ದು. ಕಾರ್ಡಿನ ಎಳೆ, ಮೆಟ್ಟಿಲ ಮೇಲಿನ ಎಳೆ, ನನ್ನ ತಲೆಯಿಂದ ಅವನು ಕಿತ್ತ ಎಳೆ ಮೂರೂ ಹೆಚ್ಚುಕಡಿಮೆ ಒಂದೇ ಭಾರಕ್ಕೆ ತುಂಡಾದವಂತೆ. ಗಟ್ಟಿ ಕೂದಲು ಅಂತ ಬರೆದಿದ್ದಾರೆ.

"ಎಷ್ಟು ನಿಮಿಷ ಅಂತ ಅವನ ವಕೀಲರು ಕೆಣಕ್ತಾರೆ," ಅಂದರು.

"ಮೂವತ್ತೇಳು ಅಂತೀನಿ. ಅವಳು ಕತ್ತರಿಸು ಅಂತ ಕೇಳ್ಕೊಂಡದ್ದೂ ಹೇಳ್ತೀನಿ. ಯಾಕೆ ಕೇಳಿದ್ಲು ಅನ್ನೋದೂ."

"ಅದು ಹೇಳಿದ್ರೆ ಕೇಸಿಗೆ ಒಳ್ಳೇದು. ನಿಮಗೆ ಕಷ್ಟ ಆಗುತ್ತಮ್ಮ. ನೀವು ಯಾಕೆ ಕತ್ತರಿಸಲಿಲ್ಲ ಅಂತ ಎಲ್ಲರ ಎದುರು ಕೇಳ್ತಾರೆ."

"ಕೇಳಲಿ."

ಅವನು ನನ್ನ ತಂಗಿಯನ್ನು ಹನ್ನೊಂದು ಮೆಟ್ಟಿಲು ಎಳೆದು, ತಲೆಯನ್ನು ಕೊನೆಯ ಮೆಟ್ಟಿಲಿಗೆ ಜಜ್ಜಿ ಕೊಂದ. ನಾಳೆ ಹೇಳಬೇಕಾದ ಮಾತು, ಬಾಯಿಗೆ ಬರಲಿ ಅಂತ ಜೋರಾಗಿ ಓದಿಕೊಂಡೆ. ಅಮ್ಮ ಒಳಗಿನಿಂದ, "ಇನ್ನೊಂದು ಸಲ ಓದು," ಅಂದರು. ಓದಿದೆ.

ನಾಳೆ ಎಂಟು ಗಂಟೆಗೆ ಕತ್ತರಿ ಅಂಗಡಿ ತೆಗೆಯುತ್ತಾನೆ. ಮೊದಲ ತಲೆ ನನ್ನದು, ಕೈಗೆ ಸಿಗದಷ್ಟು ಚಿಕ್ಕದು. ಹತ್ತೂವರೆಗೆ ಕೋರ್ಟು.